ಓದಲು ಬಾರದ ತಟ್ಟೆ

ಪೋರ್ಟ್ ಕೆಂಬ್ಲಾದ ಆ ಅಂಗಡಿ ಮೊದಲು ಕಟುಕನದು.
ಗೋಡೆಗೆ ಇನ್ನೂ ಬಿಳಿ ಟೈಲ್ಸು, ಮೇಲೆ ಕಬ್ಬಿಣದ ಹಳಿ,
ಹಳಿಗೆ ಕೊಕ್ಕೆ. ಕುರಿ ತೂಗುತ್ತಿದ್ದಲ್ಲಿ ಈಗ
ಏಳಿಂಚಿನ ಹಾಡಿನ ತಟ್ಟೆಗಳು, ಪ್ಲಾಸ್ಟಿಕ್ ಚೀಲದೊಳಗೆ,
ಫ್ಯಾನಿನ ಗಾಳಿಗೆ ಅಲ್ಲಾಡುತ್ತವೆ.

ಜ್ಲಾತಾ ಏಳಕ್ಕೇ ಬಾಗಿಲು ತೆರೆಯುತ್ತಾಳೆ, ನಿದ್ದೆ ಬರುವುದಿಲ್ಲ.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ ಮುಗಿಸಿ
ಬಸ್ಸಿಗೆ ನಲವತ್ತು ನಿಮಿಷ ಇರುವಾಗ
ನಾನು ಒಳಗೆ ಹೋದದ್ದು, ಮೊದಮೊದಲು, ಹೀಟರಿಗಾಗಿ.
ಏನಿವು, ಕೇಳಿದೆ. ಪಂಕ್, ಅಂದಳು.
ಪಂಕ ಅಂದರೆ ನಮ್ಮಲ್ಲಿ ಕೆಸರು, ಅಂದೆ.
ತಪ್ಪೇನಿಲ್ಲ, ಅಂದಳು.

ಅರವತ್ತಾರರ ಹೆಂಗಸು. ಒಂದು ಕಿವಿ ಕೇಳಿಸದು.
ಇನ್ನೊಂದರಲ್ಲಿ ಲೋಕದ ಹರಿದ ಗಂಟಲನ್ನೆಲ್ಲ ತುಂಬಿಕೊಂಡಿದ್ದಾಳೆ:
ಫಿನ್ಲೆಂಡಿನ ಯಾವುದೋ ಊರಲ್ಲಿ ಹಿಮಕ್ಕೆ ಬೈದ ಹುಡುಗರು,
ಸ್ಕೋಪ್ಯೆಯಲ್ಲಿ ಅವಳ ಸೋದರತ್ತೆಯ ಮಗ ಬಡಿದ ಡ್ರಮ್ಮು
(ಅದು ಡ್ರಮ್ಮಲ್ಲ, ಅತ್ತೆಯ ಎಲೆಕೋಸಿನ ಹಂಡೆ ಎಂದು ಆಣೆ ಮಾಡುತ್ತಾಳೆ).
ನೂರು ಪ್ರತಿ, ಇನ್ನೂರು ಪ್ರತಿ. ಕವರು ಕೈಯಲ್ಲೇ ಅಂಟಿಸಿದ್ದು,
ಅಂಟಿಗೆ ಮೈದಾ. ನಮ್ಮ ನಾಟಕ ಕಂಪನಿಯ ಪೋಸ್ಟರಿಗೂ ಅದೇ,
ಮೈಲುತುತ್ತ ಬೆರೆಸಿದರೆ ಜಿರಲೆ ಮುಟ್ಟುವುದಿಲ್ಲ, ಅಂದೆ.
ಬರೆದುಕೊಂಡಳು.

ಅವಳದೂ ಒಂದಿತ್ತು. ಎಂಬತ್ತನಾಲ್ಕರಲ್ಲಿ,
ಸ್ಟೀಲ್ ಕಾರ್ಖಾನೆ ಅವಳ ಬೀದಿಯ ಅರ್ಧ ಗಂಡಸರನ್ನು
ಮನೆಗೆ ಕಳಿಸಿದ ಮರುವರ್ಷ. ನಾಲ್ಕು ಹಾಡು, ಆರು ನಿಮಿಷ.
ಮುನ್ನೂರು ಒತ್ತಿಸಿ ಮಾರಿದ್ದು ಎಂಬತ್ತು. ಉಳಿದವನ್ನು ಅವಳಪ್ಪ
ಅಂಜೂರದ ಮರಕ್ಕೆ ದಾರದಲ್ಲಿ ಕಟ್ಟಿದ, ಹಕ್ಕಿ ಹೆದರಲೆಂದು.
ಹೆದರಿದವೇ? ಒಂದು ವಾರ.
ಬಿಸಿಲಿಗೆ ಮುದುಡಿ ಹಪ್ಪಳವಾದವು.
ಈಗ ಒಸಾಕಾದ ಯಾರೋ ಒಂದನ್ನು ಮಾರಲಿಟ್ಟಿದ್ದಾನೆ,
ಬೆಲೆ ಅವಳ ಫ್ರಿಜ್ಜಿಗಿಂತ ಹೆಚ್ಚು.
ಅವಳ ಬಳಿ ಒಂದೂ ಇಲ್ಲ.

ಜುಲೈ ತಿಂಗಳ ಒಂದು ಮುಂಜಾನೆ ಕೌಂಟರಿನಡಿಯಿಂದ
ಟವೆಲಿನಲ್ಲಿ ಸುತ್ತಿದ್ದೊಂದು ತೆಗೆದಳು. ನನಗೆಂದೇ
ಮೂರು ತಿಂಗಳು ಎತ್ತಿಟ್ಟಿದ್ದಂತೆ.
ಓದು, ಅಂದಳು. ನಿನ್ನ ಅಕ್ಷರ.

ದುಂಡು ದುಂಡು. ಸಾಲು ತುಂಬ ದುಂಡು.
ಮುತ್ತು ಪೋಣಿಸಿದ ಹಾಗಿರಬೇಕು ಅಂತ ಬೆರಳಿಗೆ ಬಾರಿಸುತ್ತಿದ್ದ
ನಮ್ಮ ಮಾಸ್ತರರೂ ಒಪ್ಪುವಂಥ ದುಂಡು.
ಆದರೆ ತಲೆಕಟ್ಟಿಲ್ಲ.
ತಿರುಗಿಸಿದೆ. ಕನ್ನಡಕ ಹಾಕಿದೆ, ತೆಗೆದೆ.
ಗುರುತು ಸಿಕ್ಕಿದ್ದು ಒಂದು ಸೊನ್ನೆ ಮಾತ್ರ,
ಅದೂ ಅವರಲ್ಲಿ ಸೊನ್ನೆಯೋ ಏನೋ.
ಬರ್ಮಾದ್ದಿರಬೇಕು, ಅಂದೆ. ನನ್ನದಲ್ಲ.
ಆ ಮುಖ, ಮೂರು ತಿಂಗಳು ಕಾದ ಮುಖ,
ನೋಡಲಾಗಲಿಲ್ಲ. ಬಂದ ಬಸ್ಸು ಬಿಟ್ಟೆ.

ಮುಳ್ಳು ಇಳಿಸಿದಳು.
ಒಬ್ಬ ಹುಡುಗಿ. ಉಸಿರೆಳೆದುಕೊಂಡದ್ದು ಮೊದಲು ಕೇಳಿತು,
ಆಮೇಲೆ ಪಾತ್ರೆಯಂಗಡಿ ಮಾಳಿಗೆಯಿಂದ ಉರುಳಿದ ಹಾಗೆ.
ತಾಳ ಅವಳನ್ನು ಅಟ್ಟಿಸಿಕೊಂಡು ಓಡುತ್ತಿದೆ,
ಸಿಗುತ್ತಿಲ್ಲ. ಒಂದೇ ಶಬ್ದ ನಾಲ್ಕು ಸಲ:
ಬೈಗುಳವೋ, ಹೆಸರೋ, ಬಸ್ ನಿಲ್ದಾಣವೋ.
ಐವತ್ತೆರಡು ಸೆಕೆಂಡು. ಕೊನೆಗೆ ಯಾರೋ ಕೆಮ್ಮಿದರು,
ಮುಳ್ಳು ಆ ಕೆಮ್ಮಿನಲ್ಲೇ ಸಿಕ್ಕಿಕೊಂಡಿತು,
ಕೆಮ್ಮು, ಕೆಮ್ಮು, ಕೆಮ್ಮು.
ಹಾಡಿದ್ದೇ ಹಾಡೋ ಕಿಸಬಾಯಿದಾಸ, ಅಂದೆ.
ಹಾಗೆಂದರೇನು? ಹೇಳಿದೆ. ನಕ್ಕು ನಕ್ಕು
ಅವಳೂ ಕೆಮ್ಮಿದಳು.

ಆಮೇಲೆ ಒಂದು ಚೀಟಿ ಕೊಟ್ಟಳು, ಪೆನ್ನು ಕೊಟ್ಟಳು.
ಇದು ನಿನ್ನ ಭಾಷೆಯಲ್ಲ ಅಂತ ನಿನ್ನ ಭಾಷೆಯಲ್ಲೇ ಬರೆ,
ನನಗೆ ಮರೆತುಹೋಗುತ್ತದೆ.
ಮುತ್ತು ಪೋಣಿಸಿದ ಹಾಗೆ ಬರೆದೆ. ಕವರಿಗೆ ಅಂಟಿಸಿ
ಕೊಕ್ಕೆಗೆ ತೂಗಿದಳು.

ಸೆಪ್ಟೆಂಬರಿನಲ್ಲಿ ಡಾಪ್ಟೊ ಕಡೆಯ ಹುಡುಗನೊಬ್ಬ
ಅದನ್ನು ಕೊಂಡ. ತೋಳ ತುಂಬ ಹಚ್ಚೆ.
ಈ ಬ್ಯಾಂಡಿನ ಹೆಸರು ಹೇಳುವುದು ಹೇಗೆ, ಕೇಳಿದ,
ಬೆರಳು ನನ್ನ ಅಕ್ಷರದ ಮೇಲೆ.
ಜ್ಲಾತಾ ನನ್ನತ್ತ ನೋಡಿದಳು. ನಾನು ಹೀಟರಿನತ್ತ.
ಇದು ಕನ್ನಡ ಅಲ್ಲ, ಅಂದೆ.
ಇದು. ಕನ್ನಡಾ. ಅಲ್ಲ. ಅಂದ ಅವನು,
ಎರಡು ಸಲ, ಬಾಗಿಲು ದಾಟುವಾಗ ಇನ್ನೊಮ್ಮೆ,
ಜೋರಾಗಿ.