ಬಿಲ್ಲೆ ನಂಬರ್ ನಲವತ್ತೊಂದು

ತಿಬಿಲಿಸಿಯ ಮೊದಲ ಚಳಿಯಲ್ಲಿ ನಾನು
ನಾಟಕಕ್ಕೆ ಹೋದದ್ದು, ಸುಳ್ಳೇಕೆ,
ಒಳಗೆ ಬೆಚ್ಚಗಿರುತ್ತದೆ ಅಂತ.
ಹಾಸ್ಟೆಲಿನ ಹೀಟರ್ ಕೆಟ್ಟು ಎಂಟು ದಿನ,
ಅನಾಟಮಿ ಪುಸ್ತಕದ ಮೂಳೆಗಳೂ
ಕಟಕಟ ಅನ್ನುತ್ತಿದ್ದವು.
ವಿದ್ಯಾರ್ಥಿಗೆ ಟಿಕೀಟು ಅಗ್ಗ: ಮೇಲಂತಸ್ತು, ಕಂಬದ ಹಿಂದೆ,
ರಾಜನ ಅರ್ಧ ಮಾತ್ರ ಕಾಣುವ ಜಾಗ.

ಕೋಟು ಇಸಕೊಳ್ಳುವ ಕಟಕಟೆಯಲ್ಲಿ ನಾನುಲಿ.
"ಗಮಾರ್ಜೋಬಾ" ಅಂದಳು.
ಗಮಾರ ಅಂದಳೇ? ನೋಡಿದ ಕೂಡಲೇ
ಹೇಗೆ ಗೊತ್ತಾಯಿತು ಈಕೆಗೆ?
ಗೆಲುವಾಗಲಿ ಅಂತ ಅದರ ಬೇರು, ಆಮೇಲೆ ತಿಳಿಯಿತು;
ಈ ಊರಲ್ಲಿ ಹಾಲು ತರಲು ಹೊರಟವರಿಗೂ
ಗೆಲುವು ಹಾರೈಸುತ್ತಾರೆ.
ಕೋಟಿಗೆ ಬದಲು ಕೈಗೆ ಹಿತ್ತಾಳೆ ಬಿಲ್ಲೆ: ನಲವತ್ತೊಂದು.

ತೆರೆ ಎದ್ದಿತು. ಒಂದಕ್ಷರ ಗೊತ್ತಿಲ್ಲ.
ಮುದಿ ರಾಜ ಮಂಚದ ಮೇಲೆ, ಹುಡುಗನೊಬ್ಬ
ಅವನ ಪಾದ ಹಿಡಿದು "ಮಾಮಾ, ಮಾಮಾ" ಅಂತ.
ಅಬ್ಬ, ನಮ್ಮದೊಂದು ಮಾತಾದರೂ ಸಿಕ್ಕಿತಲ್ಲ!
ಸೋದರಮಾವ ಸಾಯುತ್ತಿದ್ದಾನೆ, ಅಳಿಯ ಅಳುತ್ತಿದ್ದಾನೆ,
ಸಿಂಹಾಸನಕ್ಕೆ ಹಕ್ಕುದಾರ ಬೇರೆ ಇರಬೇಕು,
ಆ ಕೆಂಪು ನಿಲುವಂಗಿಯವನ ಮೇಲೇ ನನಗೆ ಅನುಮಾನ.
ಹೀಗೆ ಮೂರು ಅಂಕ ನಾನೇ ಕಟ್ಟಿಕೊಂಡೆ,
ಕಂಬದಾಚೆಯ ಅರ್ಧವನ್ನೂ ಸೇರಿಸಿ.

ಕೋಟು ಕೊಡುವಾಗ ನಾನುಲಿಗೆ ಕಥೆ ಹೇಳಿದೆ
ಕೈಯಲ್ಲಿ, ಹುಬ್ಬಿನಲ್ಲಿ, ಹರಕು ಇಂಗ್ಲಿಷಿನಲ್ಲಿ.
ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸಿ
ಅಂದಳು: ಇಲ್ಲಿ ಮಾಮಾ ಅಂದರೆ ಅಪ್ಪ.
ನಾನು ನಗಲಿಲ್ಲ.
ಹೊಳೆಯ ಪಕ್ಕ ನಡೆದು ಬರುವಾಗ
ನಾಟಕ ಮತ್ತೆ ಮೊದಲಿಂದ ಶುರುವಾಯಿತು.
ಈ ಸಲ ಕಂಬ ಇರಲಿಲ್ಲ.

ಆ ಚಳಿಗಾಲವೆಲ್ಲ ನಾಟಕ.
ಭಾಷೆ ಕಲಿತದ್ದೂ ಅಲ್ಲೇ, ಎಡವಟ್ಟಾದದ್ದೂ ಅದಕ್ಕೇ.
ಬಾವಿಯಂಥ ಒಲೆಯ ಮುಂದೆ ನಿಂತು
ರೊಟ್ಟಿಯ ಮಾಲ್ಖಾಜನಿಗೆ ನಾನು
ಎಲೈ ಅಗ್ನಿಯ ಒಡೆಯನೇ, ಹಸಿದು ಬಂದಿರುವೆನು,
ನಿನ್ನ ದಯೆಯ ತುಣುಕೊಂದ ಕರುಣಿಸು
ಎಂಬಂಥದೇನೋ ಅಂದಿರಬೇಕು.
ಅವನು ಒಲೆಯೊಳಗಿಂದ ತಲೆಯೆತ್ತಿ
ಹಿಟ್ಟಿನ ಕೈ ಎದೆಗೊತ್ತಿ ಬಗ್ಗಿ
ಎರಡು ರೊಟ್ಟಿ ಕೊಟ್ಟ, ದುಡ್ಡು ಒಂದಕ್ಕೇ ತಗೊಂಡ.
ಸಾಲಿನಲ್ಲಿದ್ದ ಮುದುಕಿ ಚಪ್ಪಾಳೆ ತಟ್ಟಿದಳು.

ನಾನುಲಿ ಹಗಲು ಮ್ಯೂಸಿಯಮ್ಮಿನಲ್ಲಿ ಕೂರುತ್ತಾಳೆಂದು
ಗೊತ್ತಾದದ್ದು ಫೆಬ್ರವರಿಯಲ್ಲಿ.
ಮೂರನೇ ಕೋಣೆ, ಕಾಲು ಅಲುಗುವ ಕುರ್ಚಿ, ಮಡಿಲಲ್ಲಿ ಹೆಣಿಗೆ.
ರಾತ್ರಿ ಬದುಕಿರುವವರ ಕೋಟು,
ಹಗಲು ಸತ್ತವರ ಓಲೆ, ಬಳೆ, ಬಾಚಣಿಗೆ.
ಯಾರ ಕಾಟ ಹೆಚ್ಚು ಅಂತ ಕೇಳಿದೆ.
"ಬದುಕಿರುವವರದೇ. ಬಿಲ್ಲೆ ಕಳೆಯುತ್ತಾರೆ."

ಚಿನ್ನದ ಕೋಣೆಗೆ ಜನ ನುಗ್ಗುತ್ತಿದ್ದರು.
ಇಲ್ಲಿ ಗಾಜಿನೊಳಗೆ ಅಂಗೈಯಗಲದ ತಕ್ಕಡಿ,
ಪಕ್ಕಕ್ಕೆ ಹಕ್ಕಿಮೊಟ್ಟೆಯಂಥ ನಾಲ್ಕು ಕಲ್ಲು.
ಫೋಟೋ ತೆಗೆಯುವಂತಿಲ್ಲ.
ನಾನುಲಿ ಹೆಣಿಗೆಯ ಕಣ್ಣೆಣಿಸುವ ನೆಪದಲ್ಲಿ
ಗೋಡೆಗೆ ಮುಖ ತಿರುಗಿಸಿದಳು,
ಗಟ್ಟಿಯಾಗಿ ಎಣಿಸಿದಳು: ಎರ್ತಿ, ಓರಿ, ಸಾಮಿ.

ಹೊಸಪೇಟೆಯ ಹತ್ತಿರ ಲಾರಿ ತೂಗುವ ವೇಬ್ರಿಡ್ಜಿನಲ್ಲಿ
ಚೀಟಿ ಬರೆಯುತ್ತಾನೆ ನನ್ನ ಮಾಮ, ಅಮ್ಮನ ತಮ್ಮ.
ಒಂದನೇ ಇಯತ್ತೆಯ ಅರ್ಜಿಯಿಂದ ಹಿಡಿದು
ಇಲ್ಲಿನ ವೀಸಾ ಕಾಗದದವರೆಗೆ
ತಂದೆ ಅಂತ ಅಚ್ಚಾದ ಗೆರೆಯ ಪಕ್ಕ
ಅವನ ಓರೆ ಸಹಿ.
ಬೇರೆ ಹೆಸರಿಂದ ಕರೆಯಲು ಇಬ್ಬರಿಗೂ ನಾಚಿಕೆ.

ಫೋಟೋ ಕಳಿಸಿದೆ. ಉತ್ತರ ರಾತ್ರಿ ಬಂತು:
"ಎಡಗಡೆ ತಟ್ಟೆ ಕೆಳಗೈತಿ ನೋಡು.
ಏನೋ ತೂಗಾಕತ್ತಿದ್ರು, ಯಾರೋ ಕರೆದಾರ,
ಎದ್ದು ಹೋದವರು ಬಂದಿಲ್ಲ.
ಊಟ ಆತಾ?"

ಆತು ಅಂತ ಬರೆದೆ,
ಮುಂದೆ ಮಾಮಾ ಅಂತ, ಇಲ್ಲಿಯ ಲಿಪಿಯಲ್ಲಿ.
ದುಂಡು ದುಂಡು, ನಮ್ಮ ಅಕ್ಷರದ ದಾಯಾದಿಯಂತೆ.

"ಇದೇನು ಜಿಲೇಬಿ ಸುತ್ತಿ? ಓದಾಕ ಬರವಲ್ದು."

ಏನಿಲ್ಲ, ಅಂದೆ.
ನಾಟಕದ ಮಾತು.