ಹಿಡಿಕೆ

ಸಾಲ್ಸ್‌ಬರಿಯ ಗುಡ್ಡದ ಮೇಲೆ, ತಗಡಿನ ಆ ಸಾಲುಮನೆಗಳಲ್ಲಿ
ನನ್ನ ಕೆಲಸ ಇಷ್ಟೆ: ಗಟ್ಟಿಮುಟ್ಟಾಗಿದ್ದವರ ಮೂಗಿಗೆ
ನೆಗಡಿ ಬಿಡುವುದು.
ಹೊಳ್ಳೆಗೆರಡು ಹನಿ. 'ತಲೆ ಹಿಂದಕ್ಕೆ, ಮಿಸ್ಟರ್ ಪ್ರೊಥೆರೊ,
ಉಸಿರು ಮೆಲ್ಲಗೆ.'

ಹತ್ತು ದಿನ ಪುಕ್ಕಟೆ ಊಟ, ಜೇಬಿಗಿಷ್ಟು ಚಿಲ್ಲರೆ,
ದೂರದಲ್ಲಿ ಇಗರ್ಜಿಯ ಗೋಪುರ.
ಅದಕ್ಕೇ ಬರುತ್ತಿದ್ದರು ಹೊಸ ಜೋಡಿಗಳು,
ಪರೀಕ್ಷೆಗೆ ಓದುವವರು, ಕ್ಲಾರಿನೆಟ್ ತಂದಿದ್ದ ಈ ಪ್ರೊಥೆರೊ.
ಹೊರಗೆ ಯಾರೇ ಸಿಕ್ಕರೂ ಮೂವತ್ತು ಅಡಿ ದೂರದ ಮಾತು.
ಬೆಳಿಗ್ಗೆ ಅವರು ಮೂಗೊರೆಸಿದ ಕಾಗದಗಳನ್ನು ಎಣಿಸಿ
ಬರೆದುಕೊಳ್ಳುತ್ತಿದ್ದೆ:
ಪ್ರೊಥೆರೊ, ಇಪ್ಪತ್ತೇಳು.
ಅದೇ ಕೋಣೆಯ ಹೆಬಲ್‌ತ್ವೇಟ್, ಸೊನ್ನೆ.

ಅದೇ ಸೀಸೆ. ನನ್ನದೇ ಕೈ.
'ಕೆಲವರಿಗೆ ಹತ್ತುತ್ತದೆ, ಕೆಲವರಿಗಿಲ್ಲ' ಎಂದರು ಡಾಕ್ಟರು.
ಮಲ್ಪೆಯಲ್ಲಿ ಕರಿಮೆಣಸು ಕುಟ್ಟುತ್ತ ನನ್ನಮ್ಮನೂ ಅದನ್ನೇ ಅನ್ನುತ್ತಿದ್ದಳು,
ಸಂಬಳವಿಲ್ಲದೆ.

ಈಗ ಎಂಬತ್ತು ದಾಟಿ, ಲೈಬ್ರರಿಯ ಹೀಟರಿಗೆ ಮೊಣಕಾಲು ತಾಗಿಸಿ
ಚಿತ್ರ ನೋಡುತ್ತೇನೆ. ವೈರಾಣು:
ಇಪ್ಪತ್ತು ಮುಖದ ದಾಳ, ಮೂಲೆಮೂಲೆಗೂ ಸುತ್ತಿದ ಕಂದಕ.
ಅದಕ್ಕೆ ಕೈಯಿಲ್ಲ.
ಕೈ ಇರುವುದು ನಮಗೆ. ಮೂಗಿನ ಒಳಗೋಡೆಯ ಜೀವಕೋಶ
ಹೊರಕ್ಕೆ ಚಾಚಿದ ಸಪೂರ ತೋಳು
ಆ ಕಂದಕಕ್ಕೆ ಇಳಿಯುತ್ತದೆ, ಅಳತೆ ಕೊಟ್ಟು ಮಾಡಿಸಿದ ಹಾಗೆ.
ಪ್ರತಿಕಾಯಗಳ ದಪ್ಪ ಬೆರಳು ಅಷ್ಟು ಆಳಕ್ಕೆ ಹೋಗದು.

ಆ ತೋಳು ಅಲ್ಲಿ ಯಾಕಿದೆ?
ಓದಿ, ಕನ್ನಡಕ ತೆಗೆದಿಟ್ಟೆ.
ಬಿಳಿ ರಕ್ತಕಣಗಳು ನೋವಿದ್ದಲ್ಲಿಗೆ ಓಡುವಾಗ
ಹಿಡಿದುಕೊಳ್ಳಲೆಂದು ಮೈ ತಾನೇ ನೆಟ್ಟದ್ದು, ಬಸ್ಸಿನ ಕಂಬಿಯಂತೆ.
ಜೇಬುಗಳ್ಳನೂ ಅದನ್ನೇ ಹಿಡಿದು ಹತ್ತಿದ್ದಾನೆ.
ಮೈ ಗಾಬರಿಬಿದ್ದು ಇನ್ನಷ್ಟು ಕಾವಲಿನವರನ್ನು ಕೂಗುತ್ತದೆ,
ಅವರಿಗೆಂದು ಇನ್ನಷ್ಟು ಕಂಬಿ,
ಹಾಗಾಗಿಯೇ
ಇಪ್ಪತ್ತೇಳು.

ಇದರಲ್ಲಿ ನೀತಿ ಹುಡುಕಬಾರದು, ಗೊತ್ತು.
ನನ್ನ ಬಣ್ಣ ಕಂಡು, 'ಕೈ ತೊಳೆದಿದ್ದೀಯಾ?' ಎಂದು ಕೇಳಿದ್ದ
ಹೆಬಲ್‌ತ್ವೇಟನ ಮೂಗಿನೊಳಗೂ
ಅಂಥವೇ ತೋಳುಗಳು ಚಾಚಿಕೊಂಡಿದ್ದವು.
ಯಾವುದೋ ಹಳೆಯ ನೆಗಡಿಯ ನೆನಪು
ಬಾಗಿಲಲ್ಲೇ ಅಡ್ಡ ನಿಂತಿರಬೇಕು, ಅಷ್ಟೆ.

ಕೊನೆಯ ದಿನ, ಸ್ಟೇಷನ್ನಿಗೆ ಹೋಗುವ ವ್ಯಾನ್ ಹೊಗೆ ಉಗುಳುತ್ತಿತ್ತು.
ಮೂಗು ಇನ್ನೂ ಕೆಂಪಗಿದ್ದ ಪ್ರೊಥೆರೊ
ಕ್ಲಾರಿನೆಟ್ಟಿನ ಪೆಟ್ಟಿಗೆ ಕೆಳಗಿಟ್ಟು
ಕೈ ಚಾಚಿದ.
ನಿಯಮ ನನಗೆ ಬಾಯಿಪಾಠವಿತ್ತು.
ಹಿಡಿದೆ.
ಆಮೇಲಿನ ವಾರ ನನ್ನ ಕರವಸ್ತ್ರಗಳನ್ನು
ಯಾರೂ ಎಣಿಸಲಿಲ್ಲ.