ಮೂರೂಕಾಲು

ಬನ ಅಂತ ಹೊಡೆದಿದ್ದೆ,
ಶಂಕರಿ ಬರುವಷ್ಟರಲ್ಲಿ ನೀಲಿ.
ಮದುಮಗಳ ಅರ್ಧ ಹೆಸರು ನುಂಗಿ
ಪರದೆ ತುಂಬ ಅಳುಮೋರೆ ಹಾಕಿಕೊಂಡು ಕೂತಿತು,
ನಾನೇ ಏನೋ ಅಂದುಬಿಟ್ಟ ಹಾಗೆ.
ಗೋಡೆಯ ಗಡಿಯಾರದಲ್ಲಿ ಮೂರೂಕಾಲು.
ನಿನ್ನೆಯೂ ಮೂರೂಕಾಲು. ಮೊನ್ನೆ ಕರೆಂಟಿರಲಿಲ್ಲ,
ಆದ್ದರಿಂದ ಮೊನ್ನೆ ಒಳ್ಳೆಯ ದಿನ.

ಬಚ್ಚಲಿಗೂ ಅಡುಗೆಮನೆಗೂ ನಡುವೆ
ತಗಡಿನ ಕೆಳಗೆ ನನ್ನ ಅಂಗಡಿ.
ಲಗ್ನಪತ್ರಿಕೆ, ಬಾಡಿಗೆ ಕರಾರು,
ಬಿ.ಎಡ್. ಹುಡುಗರ ಪಾಠಯೋಜನೆ, ಪುಟಕ್ಕೆ ಹನ್ನೆರಡು.
ಏಪ್ರಿಲ್ಲಿನ ದಾವಣಗೆರೆಯಲ್ಲಿ
ಮೌಸು ಕೂಡ ಬೆವರುತ್ತದೆ.

ಪಿ.ಜೆ. ಬಡಾವಣೆಗೆ ಒಯ್ದೆ,
ಆಟೋದಲ್ಲಿ, ಮಡಿಲಲ್ಲಿ, ಹಳೇ ಚಾದರ ಸುತ್ತಿ.
ಅಲ್ಲಿ ಮೂರು ದಿನ ಒಮ್ಮೆಯೂ ಕೆಮ್ಮಲಿಲ್ಲವಂತೆ,
ಬೀಗರ ಮನೆಗೆ ಹೋದ ಪುಂಡನ ಹಾಗೆ
ತಲೆ ತಗ್ಗಿಸಿ ಕೂತಿತ್ತಂತೆ.
"ಏನೂ ಆಗಿಲ್ಲ ಮೇಡಂ" ಅಂದವರೇ
ರ‍್ಯಾಮ್ ಬದಲಿಸಿದರು. ವಿಂಡೋಸ್ ಹೊಸದು ಹಾಕಿದರು.
ಹಾಕುವಾಗ ನುಡಿ ಅಳಿಸಿಹೋಯಿತು.
ಎರಡು ಸಾವಿರದ ನೂರು ಕೊಟ್ಟು
ಮೂಕಿಯಾಗಿ ಮನೆಗೆ ಬಂದೆ.
ಮರುದಿನ, ಮೂರೂಕಾಲು.

ಆಮೇಲೆ ಕಂಟ್ರೋಲ್ ಎಸ್ ರೂಢಿಯಾಯಿತು.
ವಾಕ್ಯಕ್ಕೊಮ್ಮೆ, ಪದಕ್ಕೊಮ್ಮೆ, ಕಡೆಗೆ ಒತ್ತಕ್ಷರಕ್ಕೂ ಒಮ್ಮೆ.
ಈಗ ಅತ್ತೆ ತವರಿನ ಹಳೇ ಜಗಳ ತೆಗೆದರೆ
ನನ್ನ ಎಡಗೈಯ ಎರಡು ಬೆರಳು
ತೊಡೆಯ ಮೇಲೆ ತಾವಾಗಿಯೇ ಒತ್ತುತ್ತವೆ.
ಅವರಿಗೆ ಗೊತ್ತಿಲ್ಲ, ಎಲ್ಲ ಉಳಿದಿದೆ.

ಜಬೀವುಲ್ಲಾ ಬಂದದ್ದು ಮನೆಗೇ, ಅದೂ ಎರಡೂವರೆಗೆ.
"ಒಯ್ಯೋದು ಬೇಡಕ್ಕಾ,
ರೋಗ ಬರೋ ಹೊತ್ತಿಗೆ ರೋಗಿ ಹತ್ರ ಇರಬೇಕು."
ಸ್ಟೂಲು ಎಳೆದು ಕೂತ. ಚಹಾ ಕುಡಿದ.
ಏನನ್ನೂ ಮುಟ್ಟಲಿಲ್ಲ. ನನಗೆ ಸಿಟ್ಟು ಬರತೊಡಗಿತ್ತು.

ಮೂರಕ್ಕೆ ಹಿಂದಿನ ಓಣಿಯ ಮಂಡಕ್ಕಿ ಭಟ್ಟಿಗೆ ಉರಿ ಬಿತ್ತು.
ಮರಳು ಕಾಯುವ ಸದ್ದು, ಜರಡಿಯ ಸದ್ದು,
ಕಿಟಕಿಯ ಸರಳಿನ ನಡುವೆ ಕರೀ ಹೊಗೆ.
ಅವನು ಮೂಗು ಎತ್ತಿದ.
"ಬರೀ ಹೊಟ್ಟಲ್ಲ ಇದು, ಟೈರೂ ಹಾಕ್ಯಾರೆ."
ಡಬ್ಬಿಯ ಫ್ಯಾನು ಊಳಿಟ್ಟಿತು, ಏದುಸಿರು ಬಿಟ್ಟಿತು.
ನೀಲಿ.
"ಹಾಂ" ಅಂದ,
ಕಾದ ಬಸ್ಸು ಕೊನೆಗೂ ಬಂದವನ ಹಾಗೆ.

ನಾಲ್ಕು ಸ್ಕ್ರೂ ತೆಗೆದು ಪಕ್ಕೆ ಬಿಚ್ಚಿದರೆ
ಒಳಗೆ ನಮ್ಮ ಓಣಿಯೇ ಇತ್ತು.
ಜಡೆಯಷ್ಟು ದಪ್ಪ ಮಸಿ, ಭತ್ತದ ತೌಡು, ಸೀರೆಯ ದಾರ,
ಹಲ್ಲಿಮೊಟ್ಟೆಯ ಚಿಪ್ಪು,
ಫ್ಯಾನಿನ ಬುಡದಲ್ಲಿ ಒಂದೇ ಒಂದು ಮಂಡಕ್ಕಿ.
"ಇದು ಅರಳಿ ಒಳಗೆ ಬಂತೋ ಅಕ್ಕಾ,
ಒಳಗೆ ಬಂದು ಅರಳಿತೋ?"
ನಕ್ಕೆವು. ಅತ್ತೆಯೂ ಬಂದು ನೋಡಿ ನಕ್ಕರು.

ಅವನ ತಾಯಿ ಇಪ್ಪತ್ತೆರಡು ವರ್ಷ
ಭಟ್ಟಿಯಲ್ಲಿ ಜರಡಿ ಹಿಡಿದವಳಂತೆ.
ಬ್ಲೋವರ್ ಹಚ್ಚಲಿಲ್ಲ,
ಸವೆದ ಹಲ್ಲುಬ್ರಶ್ಶಿನಲ್ಲಿ ಎಳೆ ಎಳೆಯಾಗಿ ತೆಗೆದ.
"ಅಮ್ಮನ ಎದೇನೂ ಹಿಂಗೇ ಬಿಚ್ಚೋ ಹಂಗಿದ್ದಿದ್ರೆ..."
ಅಷ್ಟಕ್ಕೇ ನಿಲ್ಲಿಸಿ
ಪೇಸ್ಟ್ ಎಲ್ಲಿ ಅಂತ ಕೇಳಿದ.
ಅವನ ಚೀಲದಲ್ಲೇ ಇತ್ತು.

ಇನ್ನೂರು ತಗೊಂಡ. ಕಿಟಕಿ ಮುಚ್ಚಿಡಿ ಅಂದ.
ಮುಚ್ಚಿದರೆ ನಾನು ಬೇಯುತ್ತೇನೆ, ಅದು ಬದುಕುತ್ತದೆ.
ಭಟ್ಟಿಯವರಿಗೆ ಹೇಳೋಣವೆಂದರೆ
ಅಲ್ಲಿನ ವಾರದ ಕೂಲಿಪಟ್ಟಿ ಹೊಡೆದುಕೊಡುವವಳೂ ನಾನೇ.
ಅರ್ಧ ಮುಚ್ಚಿದೆ.

ಇವತ್ತು ಮೂರೂಕಾಲು ಬಂತು, ಹೋಯಿತು.
ಬನಶಂಕರಿ ಅಂತ ಪೂರ್ತಿ ಹೊಡೆದೆ. ಉಳಿಸಿದೆ. ಮತ್ತೆ ಉಳಿಸಿದೆ.
ವರನ ಇನಿಷಿಯಲ್ಲು ಕೇಳಲು ಫೋನು ಮಾಡಿದರೆ
"ವರ ಬದಲಾಗೋ ಹಂಗೈತಿ, ಸ್ವಲ್ಪ ತಡೀರಿ" ಅಂದರು.
ತಡೆದೆ.
ಮೂರೂ ಮೂವತ್ತೈದು.
ಹೊಗೆ ಬರುತ್ತಲೇ ಇತ್ತು, ಫ್ಯಾನು ತಣ್ಣಗೆ ತಿರುಗುತ್ತಿತ್ತು.